ಕೊನೆಯ ಎರಡು ಮಾತ್ರೆ: ಕವಾಯತಿನ ಆದೇಶವನ್ನು ಒಡೆದು ಕೂಗುವ ಬಗೆ

ಜುಲೈ ಹಿಡಿಯುತ್ತಲೇ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಶಾಲೆಗಳಲ್ಲಿ ಪಥಸಂಚಲನದ ತಯಾರಿ ಶುರುವಾಗುತ್ತದೆ. ಆಗಸ್ಟ್ 15ಕ್ಕೆ ತಾಲ್ಲೂಕು ಕೇಂದ್ರದ ಕ್ರೀಡಾಂಗಣದಲ್ಲಿ ಎಲ್ಲರ ಮುಂದೆ ಹೆಜ್ಜೆ ಹಾಕಬೇಕು, ಬಹುಮಾನವೂ ಇರುತ್ತದೆ. ಹಾಗಾಗಿ ತೆಂಗಿನ ತೋಟಗಳ ನಡುವಿನ ಶಾಲೆ ಬಯಲುಗಳಿಂದ ಮಧ್ಯಾಹ್ನದ ಮೇಲೆ 'ಲೆಫ್ಟು ರೈಟು ಲೆಫ್ಟು' ಕೇಳುತ್ತಲೇ ಇರುತ್ತದೆ. ಆಗಸ್ಟ್ ಮುಗಿದರೆ ನವೆಂಬರ್ 1, ಅದಾದ ಮೇಲೆ ಜನವರಿ 26.

ತಂಡದ ನಡಿಗೆ ಕೆಡುವುದು ಸಾಮಾನ್ಯವಾಗಿ ಮೂರೇ ಜಾಗದಲ್ಲಿ: ಹೊರಡುವಾಗ, ತಿರುಗುವಾಗ, ನಿಲ್ಲುವಾಗ. ನಡುವೆ ನಡೆಯುವಷ್ಟು ಹೊತ್ತು ಮಕ್ಕಳು ಚೆನ್ನಾಗಿಯೇ ನಡೆಯುತ್ತಾರೆ. ಕೆಡುವ ಆ ಮೂರು ಜಾಗದಲ್ಲೂ ಒಂದು ಆದೇಶ ಇರುತ್ತದೆ ಎಂಬುದನ್ನು ಗಮನಿಸಿ. ಬೈಗುಳ ತಿನ್ನುವವರು ಮಕ್ಕಳು. ಆದರೆ ತಪ್ಪು ಬಹಳ ಸಲ ಕೂಗಿದ ಮಾತಿನಲ್ಲಿರುತ್ತದೆ, ಅದನ್ನು ಎಲ್ಲಿ ಒಡೆದರು, ಎಲ್ಲಿ ಎಳೆದರು, ಎಲ್ಲಿ ಕಡಿದರು ಎಂಬುದರಲ್ಲಿರುತ್ತದೆ. ಆದೇಶ ಕೂಗುವ ದೈಹಿಕ ಶಿಕ್ಷಕರಿಗೆ, ಅವರ ಜಾಗದಲ್ಲಿ ನಿಂತು ಕೂಗುವ ತಂಡದ ನಾಯಕ ನಾಯಕಿಯರಿಗೆ, ಮನೆಯಂಗಳದಲ್ಲಿ ಮಗುವಿಗೆ ಅಭ್ಯಾಸ ಮಾಡಿಸುವ ತಂದೆತಾಯಿಗೆ ಉಪಯೋಗಕ್ಕೆ ಬರಲೆಂದು ಈ ಬರಹ.

ಮೊದಲು ಅರ್ಥ

ಅರ್ಥ ಗೊತ್ತಿಲ್ಲದ ಮಾತಿಗೆ ಮಗು ಪಕ್ಕದವರನ್ನು ನೋಡಿಕೊಂಡು ಕಾಲೆತ್ತುತ್ತದೆ. ಪಕ್ಕದವರನ್ನು ನೋಡಿ ಎತ್ತಿದ ಕಾಲು ಯಾವತ್ತೂ ತಡ. ಆದ್ದರಿಂದ ಬಯಲಿಗೆ ಇಳಿಯುವ ಮುನ್ನ ಒಂದು ದಿನ ತರಗತಿಯಲ್ಲೇ ಕೂರಿಸಿ ಮಾತುಗಳ ಅರ್ಥ ಹೇಳಿ.

'ಮಾರ್ಚ್' ಫ್ರೆಂಚಿನಿಂದ ಇಂಗ್ಲಿಷಿಗೆ ಬಂದ ಮಾತು, ಹೆಜ್ಜೆ ಹಾಕಿ ನಡೆ ಎಂದರ್ಥ. 'ಕ್ವಿಕ್ ಮಾರ್ಚ್' ಎಂದರೆ ಓಡುವುದಲ್ಲ, ಬೇಗ ಬೇಗ ಹೆಜ್ಜೆ ಕೀಳುವುದೂ ಅಲ್ಲ. 'ಸ್ಲೋ ಮಾರ್ಚ್' ಎಂಬ ನಿಧಾನದ ನಡಿಗೆ ಬೇರೆ ಇದೆ, ಅದಲ್ಲದ ಸಾಮಾನ್ಯ ಚುರುಕು ನಡಿಗೆಯೇ ಕ್ವಿಕ್ ಮಾರ್ಚ್. ಇದನ್ನು ಹೇಳಿಕೊಡದಿದ್ದರೆ ಕ್ವಿಕ್ ಎಂದ ಕೂಡಲೇ ಹಿಂದಿನ ಸಾಲಿನ ಪುಟ್ಟವರು ನುಗ್ಗುತ್ತಾರೆ. ಓಟದ ನಡಿಗೆಗೆ 'ಡಬಲ್ ಮಾರ್ಚ್' ಎಂಬ ಬೇರೆಯೇ ಆದೇಶವಿದೆ, ಹಿಂದಿಯಲ್ಲಿ 'ದೌಡ್ ಕೇ ಚಲ್'. ಹೆಸರು ಡಬಲ್ ಆದರೂ ವೇಗ ಎರಡರಷ್ಟಲ್ಲ. ಅಮೆರಿಕದ ಸೇನೆಯ ಲೆಕ್ಕದಲ್ಲಿ ಸಾಮಾನ್ಯ ನಡಿಗೆ ನಿಮಿಷಕ್ಕೆ 120 ಹೆಜ್ಜೆ, ಡಬಲ್ ಎಂದರೆ 180.

'ಮಾರ್ಕ್ ಟೈಮ್' ಎಂದರೆ ನಿಂತಲ್ಲೇ ಹೆಜ್ಜೆ ಹಾಕುತ್ತಾ ತಾಳ ಹಿಡಿದಿಡುವುದು. ಎನ್‌ಸಿಸಿಯವರು ಇದಕ್ಕೆ 'ಕದಮ್ ತಾಲ್' ಎನ್ನುತ್ತಾರೆ, ಆ ಹೆಸರಿನಲ್ಲಿ ಅರ್ಥ ಇಂಗ್ಲಿಷಿಗಿಂತ ಸ್ಪಷ್ಟವಾಗಿದೆ. 'ರೈಟ್ ಡ್ರೆಸ್' ಎಂದಾಗ ಮಕ್ಕಳು ಅಂಗಿ ನೋಡಿಕೊಳ್ಳುವುದುಂಟು. ಇಲ್ಲಿ ಡ್ರೆಸ್ ಎಂದರೆ ನೇರ ಮಾಡು, ಬಲಗಡೆಯವರಿಗೆ ಸರಿಯಾಗಿ ಸಾಲು ಹೊಂದಿಸಿಕೋ ಎಂದು. 'ಆಸ್ ಯೂ ವರ್' ಕೇಳಿದರೆ ಈಗ ಮಾಡಿದ್ದನ್ನು ಬಿಟ್ಟು ಮೊದಲಿದ್ದ ಸ್ಥಿತಿಗೆ ಬರಬೇಕು. 'ಹಾಲ್ಟ್' ಜರ್ಮನ್ ಮೂಲದ ಮಾತು, ನಿಲ್ಲು ಎಂದರ್ಥ, ಹಿಂದಿಯಲ್ಲಿ 'ಥಮ್'.

ಹೆಚ್ಚು ಎಚ್ಚರ ಬೇಕಾದದ್ದು 'ಸಾವಧಾನ್' ಎಂಬಲ್ಲಿ. ಬೆಳಗಿನ ಪ್ರಾರ್ಥನೆಗೆ ದಿನವೂ ಕೇಳುವ ಮಾತು ಇದು. ಸಂಸ್ಕೃತದಲ್ಲಿ ಅವಧಾನದಿಂದ ಕೂಡಿದ ಸ್ಥಿತಿ, ಹಿಂದಿಯಲ್ಲಿ ಎಚ್ಚರ. ನಮ್ಮ ಊರುಗಳಲ್ಲಿ ಅಜ್ಜಿ ಮೊಮ್ಮಗನಿಗೆ 'ಸಾವಧಾನವಾಗಿ ಬಾರಪ್ಪ, ಯಾಕೆ ಓಡ್ತೀಯ' ಎನ್ನುವಾಗ ಅದೇ ಮಾತಿಗೆ ನಿಧಾನ ಎಂಬ ಅರ್ಥ. ಒಂದನೇ ತರಗತಿಯ ಮಗು ಮನೆಯ ಅರ್ಥವನ್ನೇ ಹೊತ್ತು ಬಂದಿರುತ್ತದೆ. ಶಾಲೆಯಲ್ಲಿ ಆ ಮಾತು ಬಿದ್ದ ಕ್ಷಣ ಹಿಮ್ಮಡಿ ಕೂಡಿಸಿ ನೆಟ್ಟಗೆ ನಿಲ್ಲಬೇಕು ಎಂದು ಬಿಡಿಸಿ ಹೇಳದೆ ಹೋದರೆ, ಆ ಮಗು ನಿಧಾನವಾಗಿ ಕಾಲು ಸೇರಿಸುವುದರಲ್ಲಿ ತಪ್ಪೇನೂ ಇಲ್ಲ.

ಒಂದು ಆದೇಶ, ಎರಡು ತುಂಡು

ಕವಾಯತಿನ ಬಹುಪಾಲು ಆದೇಶಗಳಲ್ಲಿ ಎರಡು ಭಾಗ ಸಿಗುತ್ತದೆ. ಮೊದಲ ಭಾಗ ಏನು ಮಾಡಬೇಕೆಂದು ತಿಳಿಸುತ್ತದೆ, ಎರಡನೆಯದು ಈಗ ಮಾಡು ಎನ್ನುತ್ತದೆ. 'ಕ್ವಿಕ್' ಸೂಚನೆ, 'ಮಾರ್ಚ್' ಕ್ರಿಯೆ. 'ಅಬೌಟ್' ಸೂಚನೆ, 'ಟರ್ನ್' ಕ್ರಿಯೆ. 'ದಾಹಿನೇ' ಸೂಚನೆ, 'ಮುಡ್' ಕ್ರಿಯೆ. ಇವೆರಡಕ್ಕೂ ಮೊದಲು 'ಪರೇಡ್' ಎಂದೋ 'ಸ್ಕ್ವಾಡ್' ಎಂದೋ ಯಾರಿಗೆ ಹೇಳುತ್ತಿದ್ದೇವೆಂಬ ಕರೆಯೂ ಸೇರಬಹುದು.

ಸೂಚನೆಯ ಭಾಗವನ್ನು ಎಳೆಯಬೇಕು, ಕ್ರಿಯೆಯ ಭಾಗವನ್ನು ಕಡಿಯಬೇಕು, ನಡುವೆ ಬಿಡುವು ಕೊಡಬೇಕು. ಎಳೆತ ಇರುವುದು ಕೊನೆಯ ಸಾಲಿನವರೂ ಕೇಳಿಸಿಕೊಳ್ಳಲಿ ಎಂದು, ಬಿಡುವು ಇರುವುದು ಕೇಳಿದ್ದನ್ನು ಕಾಲಿಗೆ ದಾಟಿಸಿಕೊಳ್ಳಲಿ ಎಂದು. ಅಮೆರಿಕದ ಸೇನಾ ಕೈಪಿಡಿ ಈ ಬಿಡುವಿಗೆ ಒಂದು ಹೆಜ್ಜೆಯಷ್ಟು ಹೊತ್ತು ಎಂದು ಅಳತೆ ಕೊಡುತ್ತದೆ. ನಿಮಿಷಕ್ಕೆ 120 ಹೆಜ್ಜೆಯಾದರೆ ಒಂದು ಹೆಜ್ಜೆಗೆ ಅರ್ಧ ಸೆಕೆಂಡು. ಮಕ್ಕಳ ತಂಡ ನಿಂತಿರುವಾಗ ಒಂದು ಸೆಕೆಂಡಿನವರೆಗೂ ಬಿಡಬಹುದು. ಎಷ್ಟೇ ಬಿಡಿ, ಪ್ರತಿ ಸಲವೂ ಅಷ್ಟೇ ಬಿಡಿ. ಒಮ್ಮೆ ಚಿಕ್ಕದು ಒಮ್ಮೆ ದೊಡ್ಡದು ಮಾಡಿದರೆ ಚುರುಕಿನವರು ಮೊದಲೇ ತಿರುಗಿಬಿಡುತ್ತಾರೆ, ನಿಧಾನಿಗಳು ಅವರನ್ನು ನೋಡಿ ತಿರುಗುತ್ತಾರೆ.

ಈಗ ಒಡೆಯುವ ವಿಚಾರ. ಇಂಗ್ಲಿಷ್ ನಿಘಂಟು ತೆರೆದರೆ 'ಅಟೆನ್ಶನ್' ಪದವನ್ನು ಚುಕ್ಕಿಯಿಟ್ಟು ಮೂರು ತುಂಡು ಮಾಡಿರುತ್ತಾರೆ. ಆ ಚುಕ್ಕಿಗಳು ಮುಖ್ಯವಾಗಿ ಸಾಲಿನ ಕೊನೆಯಲ್ಲಿ ಪದ ಮುರಿಯಬೇಕಾದ ಮುದ್ರಕರಿಗಾಗಿ. ಬಯಲಿನಲ್ಲಿ ಕೂಗುವವರಿಗೆ ಬೇಕಾದದ್ದು ಕಿವಿಗೆ ಕೇಳುವ ತುಂಡು. ಅಟೆನ್ಶನ್‌ನ ಮೊದಲ 'ಅ' ಹತ್ತು ಮಾರು ದಾಟುವುದರೊಳಗೆ ಅಳಿಸಿಹೋಗುತ್ತದೆ. ಉಳಿಯುವುದು ಎಳೆದ 'ಟೆನ್', ಕಡಿದ 'ಶನ್'. ಬ್ರಿಟಿಷ್ ಸೇನೆಯಲ್ಲಿ 'ಶನ್' ಒಂದನ್ನೇ ಕೂಗುವ ರೂಢಿಯೂ ಇದೆ. ಆದ್ದರಿಂದ ಇದನ್ನು 'ಅಟೇ…ನ್' ಎಂದು ಎಳೆದು, ಬಿಡುವು ಕೊಟ್ಟು, 'ಶನ್' ಎಂದು ಕಡಿಯಿರಿ. ಹಿಮ್ಮಡಿ ಕೂಡಬೇಕಾದದ್ದು 'ಶನ್' ಮೇಲೆ.

'ಸ್ಟ್ಯಾಂಡ್ ಅಟ್ ಈಸ್' ಮೂರು ಪದ. ಬಾಯಿಗೆ ಬಂದಾಗ ಅದು 'ಸ್ಟ್ಯಾಂ-ಡ-ಟೀಸ್' ಆಗುತ್ತದೆ. ಅಟ್‌ನ ಕೊನೆಯ ವ್ಯಂಜನ ಈಸ್‌ಗೆ ಅಂಟಿಕೊಳ್ಳುತ್ತದೆ. ಬಸ್ಸಿನ ಕಂಡಕ್ಟರು ನಿಲ್ಲಿಸಲು ಕೂಗುವ 'ಹೋಲ್ಡ್ ಆನ್' ನಮ್ಮ ಕಿವಿಗೆ 'ಹೋಲ್-ಡಾನ್' ಎಂದು ಕೇಳುವುದೂ ಇದೇ ರೀತಿಯಿಂದ. ಕವಾಯತಿನಲ್ಲಿ ಈ ಅಂಟನ್ನು ಬಿಡಿಸಬೇಕು: 'ಸ್ಟ್ಯಾಂಡಟ್' ಒಂದು ಕಡೆ, ಬಿಡುವು, 'ಈಸ್' ಇನ್ನೊಂದು ಕಡೆ. ಬಿಡಿಸದೆ ಒಂದೇ ಉಸಿರಿಗೆ ಹೇಳಿದರೆ ಎಡಗಾಲನ್ನು ಯಾವ ಕ್ಷಣದಲ್ಲಿ ಅಗಲಿಸಬೇಕೆಂದು ಮಕ್ಕಳಿಗೆ ತಿಳಿಯುವುದಿಲ್ಲ. 'ಫಾಲ್ ಇನ್' ಕೂಡ ಹೀಗೆಯೇ 'ಫಾಲಿನ್' ಆಗಿಬಿಡುತ್ತದೆ. ಅದನ್ನು ಕೇಳಿ ಮಕ್ಕಳು ಓಡಿಬಂದು ಸಾಲು ಸೇರುತ್ತಾರಷ್ಟೆ, ಹಾಗಾಗಿ ಅಲ್ಲಿ ತೊಂದರೆಯಿಲ್ಲ.

ಹಿಂದಿ ಆದೇಶಗಳನ್ನು ಒಡೆಯುವುದು ಸುಲಭ. 'ಸಾವ…' ಎಳೆದು 'ಧಾನ್' ಕಡಿಯುವುದು. 'ವಿಶ್…' ಎಳೆದು 'ರಾಮ್'. 'ಪೀಛೇ…' ಎಳೆದು 'ಮುಡ್'. 'ತೇಜ್…' ಎಳೆದು 'ಚಲ್'. ಬಹಳ ಶಾಲೆಗಳಲ್ಲಿ 'ಸಾವ್‌ಧಾನ್' ಎಂದು ಒಂದೇ ಗುಕ್ಕಿಗೆ ನುಂಗಿಬಿಡುತ್ತಾರೆ. ದಿನವೂ ಪ್ರಾರ್ಥನೆಗೆ ಹಾಗೆ ಕೂಗಿ ಅಭ್ಯಾಸವಾದ ತಂಡ ಪಥಸಂಚಲನದ ದಿನವೂ ಒಟ್ಟಿಗೆ ಹಿಮ್ಮಡಿ ಕೂಡಿಸುವುದಿಲ್ಲ. ಪ್ರಾರ್ಥನೆಯ ಸಾಲಿನಿಂದಲೇ ತಿದ್ದಿಕೊಂಡು ಬರಬೇಕು.

ಕಾಲು ತಪ್ಪಿಸುವ 'ಉ'

ಈ ಬರಹದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಕ್ರಿಯೆಯ ಭಾಗದಲ್ಲಿ ಇರುವ ಮಾತುಗಳನ್ನು ಸಾಲಾಗಿ ಇಟ್ಟು ನೋಡಿ: ಮಾರ್ಚ್, ಟರ್ನ್, ಹಾಲ್ಟ್, ಈಸ್, ಶನ್, ಚಲ್, ಮುಡ್, ಥಮ್. ಇಂಗ್ಲಿಷಾಗಲಿ ಹಿಂದಿಯಾಗಲಿ, ಎಲ್ಲದರಲ್ಲೂ ಒಂದೇ ಒಂದು ಸ್ವರ, ಕೊನೆಯಲ್ಲಿ ಮುಚ್ಚಿದ ವ್ಯಂಜನ. ನಮ್ಮ ಹೈಸ್ಕೂಲಿನ ಮಕ್ಕಳು ಕನ್ನಡ ಪಾಠದಲ್ಲಿ ಪ್ರಸ್ತಾರ ಹಾಕುತ್ತಾರಲ್ಲ, ಆ ಲೆಕ್ಕದಲ್ಲಿ ಇವೆಲ್ಲ ಒಂದೊಂದು ಗುರು. ಗುರುವಿಗೆ ಎರಡು ಮಾತ್ರೆ. ಹೆಜ್ಜೆಗೆ ಅರ್ಧ ಸೆಕೆಂಡು ಎಂದಾದರೆ ಮಾತ್ರೆಗೆ ಕಾಲು ಸೆಕೆಂಡು. ಒಂದು ಗುರು ಕೂಗಿ ಮುಗಿಸುವಷ್ಟರಲ್ಲಿ ಒಂದು ಹೆಜ್ಜೆಯೂ ಮುಗಿಯುತ್ತದೆ.

ಕನ್ನಡದ ನಾಲಿಗೆಗೆ ವ್ಯಂಜನದಲ್ಲಿ ನಿಲ್ಲುವುದು ಒಗ್ಗುವುದಿಲ್ಲ. ಬಸ್, ಕಾರ್ ಎಂದು ಬರೆಯುವಾಗಲೂ ನಮ್ಮ ಮನಸ್ಸಿನಲ್ಲಿರುವುದು ಬಸ್ಸು, ಕಾರು. ಹಾಗೆಯೇ ಮಾರ್ಚ್ ಮಾರ್ಚು ಆಯಿತು, ಲೆಫ್ಟ್ ಲೆಫ್ಟು ಆಯಿತು. 'ಮಾರ್ಚು' ಎಂದರೆ ಗುರುವಿನ ಮೇಲೊಂದು ಲಘು, ಒಟ್ಟು ಮೂರು ಮಾತ್ರೆ. ಎರಡು ಮಾತ್ರೆಯ ಹೆಜ್ಜೆಯೊಳಗೆ ಮೂರು ಮಾತ್ರೆಯ ಮಾತು ಕೂರುವುದಿಲ್ಲ, ಮುಂದಿನ ಹೆಜ್ಜೆಗೆ ಚೆಲ್ಲುತ್ತದೆ. ಅರ್ಧ ಮಕ್ಕಳು 'ಮಾರ್' ಕೇಳಿ ಕಾಲೆತ್ತುತ್ತಾರೆ, ಉಳಿದವರು 'ಚು' ಕೇಳಿ ಎತ್ತುತ್ತಾರೆ. ಅಲ್ಲಿಗೆ ಮೊದಲ ಹೆಜ್ಜೆಯೇ ಎರಡು ಪಾಲಾಯಿತು. 'ಲೆಫ್ಟು ರೈಟು' ಕೂಗುವ ಮೇಷ್ಟ್ರು ಎರಡು ಹೆಜ್ಜೆಗೆ ಆರು ಮಾತ್ರೆ ಕೂಗುತ್ತಿರುತ್ತಾರೆ, ಕಾಲಿಗೆ ಸಿಗುವುದು ನಾಲ್ಕು. ಮಕ್ಕಳು ಬಾಯನ್ನು ಹಿಂಬಾಲಿಸಿದರೆ ನಡಿಗೆ ಜೋಲು ಬೀಳುತ್ತದೆ, ಕಾಲನ್ನು ಹಿಂಬಾಲಿಸಿದರೆ ಬಾಯಿ ತಾಳ ತಪ್ಪುತ್ತದೆ.

ಈ 'ಉ' ನಮ್ಮ ಭಾಷೆಗೆ ಹುಟ್ಟಿನಿಂದ ಬಂದದ್ದಲ್ಲ. ಹಳಗನ್ನಡದಲ್ಲಿ ಕಣ್, ಕಾಲ್, ನಿಲ್ ಎಂದು ವ್ಯಂಜನದಲ್ಲೇ ಮುಗಿಯುವ ಪದಗಳು ಧಾರಾಳವಾಗಿದ್ದವು. ಕಾಲ ಕಳೆದಂತೆ ಕಣ್ಣು, ಕಾಲು, ನಿಲ್ಲು ಆದವು. ಅಕ್ಷರ, ಛಂದಸ್ಸು, ವ್ಯಾಕರಣದ ಮಾತು ಬಂದಾಗ ಈ ಸೀಮೆಯವರು ಹೆಮ್ಮೆಯಿಂದ ನೆನೆಯಬೇಕಾದ ಹೆಸರು ತೀ.ನಂ.ಶ್ರೀಕಂಠಯ್ಯನವರದು. 1906ರಲ್ಲಿ ಇದೇ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ ಹುಟ್ಟಿದವರು. ಅವರ 'ಕನ್ನಡ ಮಧ್ಯಮ ವ್ಯಾಕರಣ' ಹಲವು ತಲೆಮಾರಿನ ವಿದ್ಯಾರ್ಥಿಗಳ ಕೈಯಲ್ಲಿ ಓಡಾಡಿದ ಪುಸ್ತಕ. ಅವರ ಊರಿನ ಸುತ್ತಲ ಶಾಲೆಗಳಲ್ಲಾದರೂ ಕನ್ನಡ ಮೇಷ್ಟ್ರು ಮತ್ತು ಡ್ರಿಲ್ ಮೇಷ್ಟ್ರು ಒಂದು ಪೀರಿಯಡ್ ಜೊತೆಗೆ ಕೂತು, ಆದೇಶಗಳಿಗೆ ಕಪ್ಪುಹಲಗೆಯ ಮೇಲೆ ಪ್ರಸ್ತಾರ ಹಾಕಿ ತೋರಿಸಲಿ ಎಂಬುದು ನನ್ನ ಆಸೆ. ಗುರು ಲಘು ಎಂದರೆ ಪರೀಕ್ಷೆಯ ಎರಡು ಅಂಕ ಎಂದುಕೊಂಡ ಮಕ್ಕಳಿಗೆ ಅದು ಕಾಲಿನಲ್ಲಿ ಇಳಿಯುತ್ತದೆ.

'ಉ' ಕಡಿಯುವ ಅಭ್ಯಾಸ ಕಷ್ಟವಲ್ಲ. ಕೂಗುವ ಮಗುವಿಗೆ ಬೆರಳನ್ನು ತುಟಿಗೆ ತಾಗಿಸಿಕೊಳ್ಳಲು ಹೇಳಿ. 'ಮಾರ್ಚು' ಎಂದಾಗ ತುಟಿ ಕೊನೆಯಲ್ಲಿ ಗುಂಡಗಾಗುತ್ತದೆ, 'ಮಾರ್ಚ್' ಎಂದಾಗ ಆಗುವುದಿಲ್ಲ. ಕನ್ನಡಿ ಇದ್ದರೆ ಇನ್ನೂ ಚೆನ್ನ. ತುಟಿ ಗುಂಡಗಾಗದಂತೆ ಹತ್ತಾರು ಸಲ ಹೇಳಿಸಿದರೆ ನಾಲಿಗೆ ಪಳಗುತ್ತದೆ. 'ಟರ್ನ್' ಹೇಳುವಾಗ ನಾಲಿಗೆಯ ತುದಿ ಮೇಲೆ ಅಂಟಿಕೊಂಡೇ ನಿಲ್ಲಬೇಕು, ಕೆಳಗೆ ಬಿದ್ದರೆ 'ಟರ್ನು' ಆಯಿತೆಂದೇ ಲೆಕ್ಕ.

ಕನ್ನಡದಲ್ಲೇ ಕೂಗಬಾರದೇ?

ಖಂಡಿತ ಕೂಗಬಹುದು. ಆದೇಶದ ಭಾಷೆ ಕಾಲಕಾಲಕ್ಕೆ ಬದಲಾಗುತ್ತಲೇ ಬಂದಿದೆ. 'ಕವಾಯತು' ಎಂಬ ಮಾತೇ ಅರಬ್ಬಿ ಮೂಲದ್ದು, ನಿಯಮಗಳು ಎಂದರ್ಥ. ಮೈಸೂರು ದಸರೆಯ ಪಂಜಿನ ಕವಾಯತಿನಿಂದಾಗಿ ಅದು ಅಚ್ಚಗನ್ನಡವೇ ಆಗಿಹೋಗಿದೆ. ಟಿಪ್ಪುವಿನ ಸೇನೆಗಾಗಿ ಜೈನುಲ್ ಆಬಿದೀನ್ ಷೂಸ್ತರಿ ಬರೆದ 'ಫತಹುಲ್ ಮುಜಾಹಿದೀನ್' ಎಂಬ ಕೈಪಿಡಿಯಲ್ಲಿ ಆದೇಶಗಳು ಪಾರ್ಸಿಯಲ್ಲಿದ್ದವು. ಸ್ವಾತಂತ್ರ್ಯ ಬಂದ ಮೇಲೆ ನಮ್ಮ ಸೇನೆ, 1948ರಲ್ಲಿ ಹುಟ್ಟಿದ ಎನ್‌ಸಿಸಿ ಇಂಗ್ಲಿಷ್ ಬಿಟ್ಟು ಹಿಂದಿಗೆ ಹೊರಳಿದವು. ನಮ್ಮ ಶಾಲೆಗಳಿಗೆ 'ಸಾವಧಾನ್, ವಿಶ್ರಾಮ್' ಬಂದ ಇನ್ನೊಂದು ದಾರಿ ಸೇವಾದಳ. ಧಾರವಾಡದಲ್ಲಿ ಹುಟ್ಟಿದ ಡಾ. ನಾ.ಸು. ಹರ್ಡೀಕರರು 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಅದೇ ಪರಂಪರೆಯ ಭಾರತ ಸೇವಾದಳದ ಶಿಸ್ತು ಇಂದಿಗೂ ಕರ್ನಾಟಕದ ಶಾಲೆಗಳಲ್ಲಿದೆ. ಅಮೆರಿಕದಲ್ಲಿ 1778ರ ಚಳಿಗಾಲದಲ್ಲಿ ಸೈನಿಕರಿಗೆ ಕವಾಯತು ಕಲಿಸಿದ ಫಾನ್ ಸ್ಟಾಯ್ಬೆನ್‌ಗೆ ಸರಿಯಾಗಿ ಇಂಗ್ಲಿಷೇ ಬರುತ್ತಿರಲಿಲ್ಲ, ದುಭಾಷಿಗಳ ಮೂಲಕ ಕಲಿಸಿದ. ಮರುವರ್ಷ ಅಚ್ಚಾದ ಅವನ ಕೈಪಿಡಿಯಲ್ಲೂ ಚುರುಕು ನಡಿಗೆಗೆ ನಿಮಿಷಕ್ಕೆ ಸುಮಾರು 120 ಹೆಜ್ಜೆ ಎಂದೇ ಇದೆ.

ಕನ್ನಡದ ಆದೇಶ ಕಟ್ಟುವಾಗ ಜನ ಎಡವುವುದು ಅದೇ ಮಾತ್ರೆಯ ಲೆಕ್ಕದಲ್ಲಿ. 'ಬಲಕ್ಕೆ ತಿರುಗು' ಎಂಬಲ್ಲಿ 'ತಿರುಗು' ಮೂರು ಲಘು, ಮೂರು ಮಾತ್ರೆ. 'ನಿಲ್ಲು' ಗುರುವಿನ ಮೇಲೆ ಲಘು, ಅದೂ ಮೂರು. 'ವಿಶ್ರಮಿಸಿ' ಎಂದು ಕೂಗಿದರಂತೂ ಕಾಲು ಎಲ್ಲಿಡಬೇಕೆಂದು ಯಾರಿಗೂ ತಿಳಿಯದು. ಅದರ ಬದಲು ಹಳೆಯ ರೂಪಕ್ಕೆ ಹೋಗಿ. 'ನಿಲ್' ಎಂಬುದು ಎರಡೇ ಮಾತ್ರೆ, ಮುಚ್ಚಿದ ಅಕ್ಷರ, ಹಾಲ್ಟ್ ಮತ್ತು ಥಮ್‌ಗೆ ಯಾವ ರೀತಿಯಲ್ಲೂ ಕಡಿಮೆಯಿಲ್ಲ. 'ದಳ… ನಿಲ್' ಎಂದು ಒಮ್ಮೆ ಬಯಲಿನಲ್ಲಿ ಕೂಗಿ ನೋಡಿ, ಅದರ ಗತ್ತು ಕಿವಿಗೆ ಬೀಳುತ್ತದೆ. 'ಮುಂದೆ… ನಡೆ' ಕೂಡ ಒಪ್ಪುತ್ತದೆ. 'ನಡೆ' ಎರಡು ಲಘು, ಎರಡು ಮಾತ್ರೆ. 'ನ' ಬಿದ್ದಾಗ ಕಾಲು ಹೊರಡಬೇಕೆಂದು ಮೊದಲೇ ಹೇಳಿಟ್ಟರೆ ಸಾಕು. ತಿರುಗುವುದಕ್ಕೆ 'ತಿರ್ಗ್' ಎಂದು ನಮ್ಮ ಕಡೆ ಮಾತಾಡುವಂತೆಯೇ ಕಡಿದು ಕೂಗಿದರೆ ಒಂದೇ ಗುರುವಾಗುತ್ತದೆ.

ಲೆಫ್ಟ್ ರೈಟ್‌ಗೆ ಬದಲಾಗಿ 'ಎಡ ಬಲ' ಹೇಳುವುದನ್ನು ನಾನು ಮನಸಾರೆ ಒಪ್ಪುತ್ತೇನೆ. ಒಂದೊಂದರಲ್ಲೂ ಎರಡು ಲಘು, ಒಂದೊಂದು ಹೆಜ್ಜೆಗೆ ಸರಿಯಾಗಿ ಎರಡು ಮಾತ್ರೆ. 'ಎ' ಎಂದಾಗ ಎಡ ಹಿಮ್ಮಡಿ ನೆಲಕ್ಕೆ, 'ಡ' ಎಂದಾಗ ಬಲಗಾಲು ಗಾಳಿಯಲ್ಲಿ. ಎಣಿಕೆಗೆ ಬಂದರೆ 'ಒಂದು ಎರಡು' ಬೇಡ, ಎರಡಕ್ಕೂ ಮೂರು ಮೂರು ಮಾತ್ರೆ. ಮನೆಯಲ್ಲಿ ಮಾತಾಡುವ 'ಒಂದ್, ಎಲ್ಡ್' ಎಂದರೆ ಎರಡೆರಡಕ್ಕೆ ಇಳಿಯುತ್ತದೆ. ಪುಸ್ತಕದ ಭಾಷೆಗಿಂತ ತೋಟದ ಭಾಷೆ ಇಲ್ಲಿ ಕವಾಯತಿಗೆ ಹತ್ತಿರ.

ಒಂದು ಮಾತು ನೆನಪಿಡಿ. ತಾಲ್ಲೂಕು ಮಟ್ಟದಲ್ಲಿ ಇಡೀ ಪರೇಡ್‌ಗೆ ಆದೇಶ ಕೊಡುವವರು ಪೊಲೀಸ್ ಅಧಿಕಾರಿಯೋ ಎನ್‌ಸಿಸಿಯವರೋ ಆಗಿರುತ್ತಾರೆ. ಅವರು ಯಾವ ಭಾಷೆಯಲ್ಲಿ ಕೂಗುತ್ತಾರೆಂದು ವಾರದ ಮೊದಲೇ ವಿಚಾರಿಸಿಕೊಂಡು, ಮಕ್ಕಳಿಗೆ ಆ ಭಾಷೆಯ ಆದೇಶಗಳನ್ನೂ ಕೇಳಿಸಿಡಬೇಕು. ಸ್ಕೌಟ್ಸ್ ಮತ್ತು ಗೈಡ್ಸ್ ಮಕ್ಕಳು ತಂಡದಲ್ಲಿದ್ದರೆ ಅವರಿಗೆ ಅಟೆನ್ಶನ್ ಬದಲು 'ಅಲರ್ಟ್' ರೂಢಿಯಿರುತ್ತದೆ ಎಂಬುದೂ ಗಮನದಲ್ಲಿರಲಿ.

ಯಾವ ಕಾಲಿಗೆ ಕೂಗಬೇಕು

'ಸಾ, ಯಾವ ಕಾಲು ಸಾ?' ಎಂದು ಮಕ್ಕಳು ಕೇಳುವುದು ಸಹಜ. ಹೊರಡುವಾಗ ಎಡಗಾಲು, ಇದರಲ್ಲಿ ಎರಡು ಮಾತಿಲ್ಲ. ನಡೆಯುತ್ತಿರುವಾಗ ಕೊಡುವ ಆದೇಶಗಳಿಗೆ ಪದ್ಧತಿಯಿಂದ ಪದ್ಧತಿಗೆ ವ್ಯತ್ಯಾಸವಿದೆ. ಅಮೆರಿಕದ ಸೇನೆಯಲ್ಲಿ ಹಾಲ್ಟ್ ಅನ್ನು ಯಾವ ಕಾಲು ನೆಲಕ್ಕೆ ಬಿದ್ದಾಗಲಾದರೂ ಕೂಗಬಹುದು, ಹಿಂದಕ್ಕೆ ತಿರುಗಿ ನಡೆಯುವ ಆದೇಶವನ್ನು ಮಾತ್ರ ಬಲಗಾಲು ನೆಲ ಮುಟ್ಟಿದಾಗಲೇ ಕೊಡಬೇಕು. ನಿಮ್ಮ ತಂಡಕ್ಕೆ ಕಲಿಸುವ ತರಬೇತುದಾರರು ಯಾವ ಕಾಲು ಎನ್ನುತ್ತಾರೋ ಅದನ್ನೇ ಹಿಡಿಯಿರಿ, ದಿನಕ್ಕೊಂದು ಕಾಲು ಮಾಡಬೇಡಿ. ಕೂಗುವವರೂ ತಂಡದ ಜೊತೆಗೆ ನಿಂತಲ್ಲೇ ಕದಮ್ ತಾಲ್ ಹಾಕುತ್ತಾ ಕೂಗಿದರೆ ಕಾಲು ತಪ್ಪುವ ಸಂಭವ ಕಡಿಮೆ. ಕೈಕಟ್ಟಿ ನಿಂತು ಕೂಗುವವರಿಗೆ ತಮ್ಮ 'ಥಮ್' ಯಾವ ಕಾಲಿನ ಮೇಲೆ ಬಿತ್ತೆಂದು ತಿಳಿಯುವುದೇ ಇಲ್ಲ.

ಎಡ ಬಲ ಇನ್ನೂ ಗಟ್ಟಿಯಾಗದ ಪುಟ್ಟ ಮಕ್ಕಳಿಗೆ ಒಂದು ಹಳೆಯ ಉಪಾಯವಿದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹಳ್ಳಿಗಳಿಂದ ಬಂದ ರೈತರ ಮಕ್ಕಳಿಗೆ ಎಡಗಾಲಿಗೆ ಒಣಹುಲ್ಲು, ಬಲಗಾಲಿಗೆ ಗೋಧಿ ಹುಲ್ಲು ಕಟ್ಟಿ, ಹುಲ್ಲಿನ ಹೆಸರು ಹೇಳಿ ನಡೆಸುತ್ತಿದ್ದರು. ನಮ್ಮಲ್ಲಿ ತೆಂಗಿನ ನಾರಿನ ಹುರಿಗೆ ಬರವಿಲ್ಲ. ಎಡ ಪಾದದ ಮೇಲೆ, ಗಂಟಿನ ಹತ್ತಿರ, ಸಡಿಲವಾಗಿ ಒಂದು ಸುತ್ತು ಹುರಿ ಕಟ್ಟಿ. ಚರ್ಮಕ್ಕೆ ಅದು ಚುಚ್ಚುತ್ತಿರುತ್ತದೆ, ಚುಚ್ಚುವ ಕಾಲೇ ಎಡ. ಮೂರ್ನಾಲ್ಕು ದಿನದಲ್ಲಿ ಹುರಿ ಬಿಚ್ಚಿದರೂ ಕಾಲಿಗೆ ನೆನಪು ಉಳಿಯುತ್ತದೆ.

ತಾಳ ಹಿಡಿಯಲು ಎರಡು ತೆಂಗಿನ ಚಿಪ್ಪು ಸಾಕು. ಒಳಗೆ ಕಾಯಿ ಕೊಂಚವೂ ಅಂಟಿಲ್ಲದಂತೆ ಕೆರೆದು, ನಾಲ್ಕು ದಿನ ಬಿಸಿಲಿಗೆ ಒಣಗಿಸಿದ ಚಿಪ್ಪುಗಳನ್ನು ಬಾಯಿಗೆ ಬಾಯಿ ತಾಗಿಸಿ ಬಡಿದರೆ ಬರುವ 'ಟಕ್' ಶಬ್ದ ಡ್ರಮ್ಮಿಗಿಂತ ಚೂಪು, ಅನುರಣನವಿಲ್ಲ. ಮೊಬೈಲಿನಲ್ಲಿ ಮೆಟ್ರೊನೋಮ್ ಎಂಬ ತಾಳದ ಆ್ಯಪ್ ಸಿಗುತ್ತದೆ, ಅದನ್ನು 120ಕ್ಕೆ ಇಟ್ಟು ಕಿವಿಗೆ ಹಚ್ಚಿಕೊಂಡು ಒಬ್ಬರು ಚಿಪ್ಪು ಬಡಿಯಲಿ. ಪ್ರಾಥಮಿಕ ಶಾಲೆಯ ಮಕ್ಕಳಿಗೆ 110ರ ಆಸುಪಾಸಿನಲ್ಲಿ ಶುರುಮಾಡಿದರೂ ಅಡ್ಡಿಯಿಲ್ಲ. ಸೈನಿಕರ ಹೆಜ್ಜೆಯ ಉದ್ದ 30 ಅಂಗುಲ, ಅಂದರೆ ಸುಮಾರು 76 ಸೆಂಟಿಮೀಟರ್. ಆ ಲೆಕ್ಕದಲ್ಲಿ ಅವರು ನಿಮಿಷಕ್ಕೆ 91 ಮೀಟರ್ ಸಾಗುತ್ತಾರೆ. ಐದನೇ ತರಗತಿಯ ಮಗುವಿಗೆ ಆ ಹೆಜ್ಜೆ ಹಾಕಿಸಬಾರದು. ಅರ್ಧ ಮೀಟರಿಗೆ ಸುಣ್ಣದ ಗೆರೆ ಎಳೆದು, ಗೆರೆಯಿಂದ ಗೆರೆಗೆ ನಡೆಸಿ. ದೂರ ಕಡಿಮೆ ಸಾಗಲಿ, ತಾಳ ಒಂದಾಗಿರಲಿ.

ಸೋಮನ ಕುಣಿತ ನೋಡಿ ಬೆಳೆದ ಮಕ್ಕಳು ಇಲ್ಲಿಯವರು. ಜಾತ್ರೆಯಲ್ಲಿ ಅರೆವಾದ್ಯದ ಪೆಟ್ಟಿಗೆ ಕಾಲು ಹಾಕಿ ಅಭ್ಯಾಸವಿರುವ ಮಗುವಿಗೆ ತಾಳ ಹೊಸದಾಗಿ ಕಲಿಸಬೇಕಿಲ್ಲ. ಅಂಥ ನಾಲ್ಕೈದು ಮಕ್ಕಳನ್ನು ಆರಿಸಿ ಪ್ರತಿ ಸಾಲಿನ ಬಲತುದಿಗೆ ನಿಲ್ಲಿಸಿ. ಎತ್ತರ ನೋಡಿ ಮುಂದೆ ನಿಲ್ಲಿಸುವುದಕ್ಕಿಂತ ಇದರಿಂದ ಹೆಚ್ಚು ಅನುಕೂಲ.

ಕ್ರೀಡಾಂಗಣದಲ್ಲಿ ಶಬ್ದ

ಶಾಲೆಯ ಬಯಲಿನಲ್ಲಿ ಚೆನ್ನಾಗಿ ನಡೆದ ತಂಡ ತಿಪಟೂರಿನ ಕಲ್ಪತರು ಕ್ರೀಡಾಂಗಣದಂಥ ದೊಡ್ಡ ಮೈದಾನಕ್ಕೆ ಹೋದಾಗ ಕೆಡುವುದಕ್ಕೆ ಮಕ್ಕಳ ಅಂಜಿಕೆಯೊಂದೇ ಕಾರಣವಲ್ಲ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 34 ಮೀಟರ್ ದೂರದವರಿಗೆ ಆದೇಶ ಮುಟ್ಟುವುದು ಸೆಕೆಂಡಿನ ಹತ್ತನೇ ಒಂದು ಪಾಲು ತಡವಾಗಿ. ಅರ್ಧ ಸೆಕೆಂಡಿನ ಹೆಜ್ಜೆಯಲ್ಲಿ ಅದು ಐದನೇ ಒಂದು ಪಾಲು, ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ. ಉದ್ದನೆಯ ತಂಡದಲ್ಲಿ ಮುಂದಿನಿಂದ ಹಿಂದಕ್ಕೆ ಅಲೆಯಂತೆ ಕಾಲು ಬೀಳುವುದು ಇದರಿಂದಲೇ. ಆದ್ದರಿಂದ ತಂಡವನ್ನು ಉದ್ದ ಮಾಡುವ ಬದಲು ಅಗಲ ಮಾಡಿ, ಮೂರು ಸಾಲಿನಲ್ಲಿ ನಡೆಸಿ, ನಾಯಕ ಮುಂದಿನವರಿಂದ ಬಹಳ ದೂರ ಹೋಗದಿರಲಿ. ಡ್ರಮ್ ಬಾರಿಸುವವರನ್ನು ತಂಡಗಳ ತೀರಾ ಮುಂದೆ ಇಡುವ ಬದಲು ಸಾಧ್ಯವಾದಷ್ಟು ನಡುವಿಗೆ ತನ್ನಿ.

ತೊಂದರೆ ಹೆಚ್ಚುವುದು ಧ್ವನಿವರ್ಧಕದಿಂದ. ಮೈದಾನದ ಎರಡು ತುದಿಗೆ ಕಟ್ಟಿದ ಹಾರನ್‌ಗಳ ನಡುವೆ 100 ಮೀಟರ್ ಇದ್ದರೆ, ಒಂದರ ಬುಡದಲ್ಲಿರುವ ತಂಡಕ್ಕೆ ಇನ್ನೊಂದರ ಶಬ್ದ ಸುಮಾರು 0.3 ಸೆಕೆಂಡು ತಡವಾಗಿ ಕೇಳುತ್ತದೆ. ಒಂದೇ 'ಚಲ್' ಎರಡು ಸಲ ಕೇಳಿದಂತಾಗಿ ಯಾವುದಕ್ಕೆ ಕಾಲೆತ್ತಬೇಕೆಂದು ಮಕ್ಕಳು ಗೊಂದಲಕ್ಕೆ ಬೀಳುತ್ತಾರೆ. ಮೈಕಿನವರ ಹತ್ತಿರ ಹೋಗಿ, ಪಥಸಂಚಲನ ನಡೆಯುವಷ್ಟು ಹೊತ್ತು ವೇದಿಕೆಯ ಕಡೆಯ ಹಾರನ್ ಒಂದನ್ನೇ ಇಟ್ಟುಕೊಂಡು ಉಳಿದವನ್ನು ಆರಿಸಲು ಕೇಳಿಕೊಳ್ಳಿ. ನಾಯಕ ನಾಯಕಿಯರು ತಮ್ಮ ತಂಡಕ್ಕೆ ಕೊಡುವ ಆದೇಶವನ್ನು ಮೈಕಿನಲ್ಲಿ ಕೊಡುವುದೇ ಬೇಡ, ಬಾಯಲ್ಲೇ ಕೂಗಲಿ. ನಿರೂಪಕರು ಶಾಲೆಯ ಹೆಸರು ಹೇಳುವಾಗ ಆ ತಂಡ ವೇದಿಕೆಗೆ 'ದಾಹಿನೇ ದೇಖ್' (ಬಲಕ್ಕೆ ನೋಡು) ಮಾಡುವ ಜಾಗ ಮುಟ್ಟಿರುತ್ತದೆ, ಎರಡು ಧ್ವನಿ ಒಂದರ ಮೇಲೊಂದು ಬಿದ್ದರೆ ಆದೇಶ ಮುಳುಗುತ್ತದೆ. ಹೆಸರನ್ನು ಹತ್ತು ಹೆಜ್ಜೆ ಮೊದಲೇ ಹೇಳಿ ಮುಗಿಸುವಂತೆ ನಿರೂಪಕರ ಜೊತೆ ಹಿಂದಿನ ದಿನವೇ ಮಾತಾಡಿಟ್ಟುಕೊಳ್ಳಬೇಕು. ವೇದಿಕೆಗೆ ಎಷ್ಟು ದೂರದಲ್ಲಿ ಸುಣ್ಣದ ಗುರುತು ಹಾಕಿದ್ದಾರೆ, ಗುರುತಿನ ಮೇಲೆ ಯಾವ ಕಾಲು ಬೀಳುತ್ತದೆ ಎಂದು ನಾಯಕಿಯನ್ನು ಕರೆದುಕೊಂಡು ಹೋಗಿ ಒಮ್ಮೆ ನಡೆಸಿ ತೋರಿಸಿ.

ಕೂಗುವ ಮಗುವಿನ ಗಂಟಲಿನ ಬಗ್ಗೆಯೂ ಕಾಳಜಿ ಬೇಕು. ಕುತ್ತಿಗೆಯ ನರ ಉಬ್ಬಿಸಿ ಕಿರುಚಿದರೆ ಧ್ವನಿ ದೂರ ಹೋಗುವುದಿಲ್ಲ, ಎರಡನೇ ದಿನಕ್ಕೆ ಒಡೆಯುತ್ತದೆ. ಹೊಟ್ಟೆಯ ತುಂಬ ಉಸಿರೆಳೆದು, ಗಲ್ಲ ಕೊಂಚ ಎತ್ತಿ, ಸೂಚನೆಯನ್ನು ಅರ್ಧ ಉಸಿರಿನಲ್ಲಿ ಮುಗಿಸಿ, ಉಳಿದ ಅರ್ಧವನ್ನು ಕೊನೆಯ ಎರಡು ಮಾತ್ರೆಗೆ ಇಟ್ಟುಕೊಳ್ಳಬೇಕು. ಅಭ್ಯಾಸದ ದಿನಗಳಲ್ಲಿ ಒಬ್ಬರೇ ಕೂಗದೆ ಇಬ್ಬರು ಮೂವರು ಸರದಿಯಲ್ಲಿ ಕೂಗಲಿ. ಸಮಾರಂಭದ ದಿನ ಒಬ್ಬರಿಗೆ ಜ್ವರ ಬಂದರೂ ಇನ್ನೊಬ್ಬರು ಸಿದ್ಧರಿರುತ್ತಾರೆ, ತಂಡಕ್ಕೂ ಆ ಧ್ವನಿ ಹೊಸದಾಗಿರುವುದಿಲ್ಲ.